ಮೂಗಿನ ಮೇಲಣ ಮಾಸ್ಕು ಏಕೆ ಸೋರುತ್ತದೆ?

ಗೊರಕೆಯು ನಮ್ಮಲ್ಲಿ ಹಿಂದಿನಿಂದಲೂ ನಗೆಯ ವಸ್ತು. ಕುಂಭಕರ್ಣನ ನಿದ್ರೆಯನ್ನು ಬಣ್ಣಿಸುವ ಹರಿಕಥೆಯ ದಾಸರು ಗಂಟಲಿನಿಂದ ಗರಗಸದ ಸದ್ದನ್ನು ಹೊರಡಿಸಿ ಸಭೆಯನ್ನು ನಗಿಸುತ್ತಾರೆ. ಆದರೆ ಜೋರಾಗಿ ಗೊರಕೆ ಹೊಡೆಯುವವರ ಪಕ್ಕದಲ್ಲಿ ರಾತ್ರಿ ಎಚ್ಚರವಾಗಿದ್ದವರು ಇನ್ನೊಂದು ಸಂಗತಿಯನ್ನೂ ಗಮನಿಸಿರಬಹುದು. ಸದ್ದು ಏರುತ್ತ ಏರುತ್ತ ಹೋಗಿ ಥಟ್ಟನೆ ನಿಂತುಬಿಡುತ್ತದೆ. ಎದೆಯೂ ಹೊಟ್ಟೆಯೂ ಏರಿಳಿಯಲು ಹೆಣಗುತ್ತಲೇ ಇರುತ್ತವೆ. ಆದರೆ ಮೂಗಿನಲ್ಲಾಗಲಿ ಬಾಯಿಯಲ್ಲಾಗಲಿ ಗಾಳಿಯ ಸಂಚಾರವಿರುವುದಿಲ್ಲ. ೧೦, ೨೦, ಕೆಲವೊಮ್ಮೆ ೩೦ ಸೆಕೆಂಡುಗಳು ಹೀಗೆ ಕಳೆದ ಮೇಲೆ ಮಲಗಿದ್ದವರು ಬೆಚ್ಚಿದಂತಾಗಿ ಒಮ್ಮೆ ಜೋರಾಗಿ ಉಸಿರೆಳೆದುಕೊಳ್ಳುತ್ತಾರೆ. ಮತ್ತೆ ಗೊರಕೆ, ಮತ್ತೆ ಮೌನ. ಬೆಳಿಗ್ಗೆ ಕೇಳಿದರೆ ಅವರಿಗೆ ಇದಾವುದೂ ನೆನಪಿರುವುದಿಲ್ಲ. ರಾತ್ರಿಯಿಡೀ ಮಲಗಿದ್ದರೂ ಹಗಲೆಲ್ಲ ತೂಕಡಿಕೆ ಏಕೆ ಬರುತ್ತದೆಂಬುದು ಮಾತ್ರ ತಿಳಿಯದೆ ತೊಳಲುತ್ತಾರೆ.

ಇದೇ ಸ್ಲೀಪ್ ಆಪ್ನಿಯ. ಆಪ್ನಿಯ ಎಂಬುದು ಉಸಿರಿಲ್ಲದಿರುವಿಕೆ ಎಂಬ ಅರ್ಥದ ಗ್ರೀಕ್ ಮೂಲದ ಪದ. ೧೦ ಸೆಕೆಂಡಿಗೆ ಕಡಮೆಯಿಲ್ಲದೆ ಉಸಿರು ನಿಂತರೆ ಅದನ್ನು ಒಂದು ಆಪ್ನಿಯವೆಂದು ವೈದ್ಯರು ಎಣಿಸುತ್ತಾರೆ. ಉಸಿರು ಪೂರ್ತಿ ನಿಲ್ಲುವುದು, ಬಹುಮಟ್ಟಿಗೆ ಕುಂದುವುದು, ಎರಡನ್ನೂ ಕೂಡಿಸಿ ಗಂಟೆಗೆ ೫ಕ್ಕಿಂತ ಕಡಮೆಯಿದ್ದರೆ ಚಿಂತೆಯಿಲ್ಲ. ೩೦ನ್ನು ಮುಟ್ಟಿದರೆ ಬೇನೆ ತೀವ್ರವಾದುದು. ಗಂಟೆಗೆ ೩೦ ಎಂದರೆ ಎರಡು ನಿಮಿಷಕ್ಕೊಮ್ಮೆ ಉಸಿರು ಕಟ್ಟಿದಂತಾಯಿತು. ಪ್ರತಿ ಸಲವೂ ರಕ್ತದ ಆಮ್ಲಜನಕ ಇಳಿಯುತ್ತದೆ, ಮಿದುಳು ಅರೆಕ್ಷಣ ಎಚ್ಚರಗೊಳ್ಳುತ್ತದೆ, ರಕ್ತದ ಒತ್ತಡ ಏರುತ್ತದೆ. ಹೀಗೆ ರಾತ್ರಿಗಳನ್ನು ಕಳೆದ ಮನುಷ್ಯನು ಹಗಲಿನಲ್ಲಿ ಬಸ್ಸನ್ನೋ ಲಾರಿಯನ್ನೋ ನಡೆಸುವವನಾದರೆ, ಅಪಾಯ ಅವನೊಬ್ಬನದೇ ಅಲ್ಲ.

ಉಸಿರು ಕಟ್ಟಲು ಕಾರಣವೇನು? ಶ್ವಾಸನಾಳಕ್ಕೆ ಮೃದ್ವಸ್ಥಿಯ ಬಳೆಗಳ ಆಧಾರವಿದೆ. ಮೂಗಿಗೆ ಎಲುಬಿನ ಆಧಾರವಿದೆ. ಇವೆರಡರ ನಡುವೆ, ನಾಲಗೆಯ ಹಿಂದಿರುವ ಗಂಟಲಿನ ಭಾಗಕ್ಕೆ ಅಂಥ ಗಟ್ಟಿ ಆಧಾರವಿಲ್ಲ. ಸುತ್ತಲಿನ ಸ್ನಾಯುಗಳೇ ಅದನ್ನು ತೆರೆದಿಟ್ಟಿರುತ್ತವೆ. ನಿದ್ರೆಯಲ್ಲಿ ಈ ಸ್ನಾಯುಗಳು ಸಡಿಲಗೊಳ್ಳುತ್ತವೆ. ಎಳನೀರನ್ನು ಕಾಗದದ ಸ್ಟ್ರಾದಿಂದ ಕುಡಿಯುವಾಗ, ಸ್ಟ್ರಾ ನೆನೆದು ಮೆತ್ತಗಾದ ಮೇಲೆ ಜೋರಾಗಿ ಹೀರಿದರೆ ಏನಾಗುತ್ತದೆ? ಒಳಗಿನ ಒತ್ತಡ ಹೊರಗಿನದಕ್ಕಿಂತ ಕಡಮೆಯಾಗಿ ಸ್ಟ್ರಾ ಚಪ್ಪಟೆಯಾಗುತ್ತದೆ. ಮತ್ತಷ್ಟು ಹೀರಿದಷ್ಟೂ ಮತ್ತಷ್ಟು ಅಂಟಿಕೊಳ್ಳುತ್ತದೆ. ಗಂಟಲಿನಲ್ಲಿಯೂ ನಡೆಯುವುದು ಇದೇ.

ಹೀರಿದಾಗ ಮುಚ್ಚಿಕೊಳ್ಳುವ ನಳಿಕೆಯನ್ನು ಊದಿ ತೆರೆದಿಡಬಹುದಲ್ಲವೆ? ಈ ಸರಳವಾದ ಆಲೋಚನೆ ಚಿಕಿತ್ಸೆಯ ರೂಪ ತಾಳಿದುದು ಬಹಳ ಹಿಂದೇನೂ ಅಲ್ಲ. ನಿದ್ರೆಯಲ್ಲಿ ಉಸಿರು ಕಟ್ಟುವುದನ್ನು ೧೯೬೫ರಲ್ಲಿ ಫ್ರಾನ್ಸಿನ ಮಾರ್ಸೇಲಿನಲ್ಲಿಯೂ ಜರ್ಮನಿಯ ಫ್ರೈಬುರ್ಗಿನಲ್ಲಿಯೂ ಸಂಶೋಧಕರು ಉಪಕರಣಗಳಿಂದ ದಾಖಲಿಸಿ ವರ್ಣಿಸಿದರು. ಆಗ ತೀವ್ರವಾದ ಬೇನೆಗೆ ಇದ್ದ ಉಪಾಯವೆಂದರೆ ಕತ್ತಿನಲ್ಲಿ ತೂತು ಕೊರೆದು ಶ್ವಾಸನಾಳಕ್ಕೆ ನೇರವಾಗಿ ಗಾಳಿ ಹೋಗುವಂತೆ ಮಾಡುವುದು. ಕಾಲಿನ್ ಸಲಿವನ್ ಎಂಬ ಆಸ್ಟ್ರೇಲಿಯದ ವೈದ್ಯರು, ಟೊರಾಂಟೋದಲ್ಲಿ ನಿದ್ರಿಸುವ ನಾಯಿಗಳ ಉಸಿರಾಟವನ್ನು ಅಭ್ಯಸಿಸಿ ಸಿಡ್ನಿಗೆ ಹಿಂದಿರುಗಿದವರು, ೧೯೮೦ರ ಜೂನ್ ತಿಂಗಳಿನಲ್ಲಿ ಕತ್ತು ಕೊಯ್ಯಿಸಿಕೊಳ್ಳಲೊಲ್ಲದ ಒಬ್ಬ ರೋಗಿಯ ಮೂಗಿಗೆ ಊದುಯಂತ್ರದಿಂದ ಗಾಳಿಯನ್ನು ಹಾಯಿಸಿದರು. ವ್ಯಾಕ್ಯೂಮ್ ಕ್ಲೀನರಿನ ಮೋಟಾರನ್ನು ಹೀರುವ ಬದಲು ಊದುವಂತೆ ತಿರುಗಿಸಿಕೊಂಡುದೇ ಆಗಿನ ಯಂತ್ರ. ೧೯೮೧ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ೫ ರೋಗಿಗಳ ವೃತ್ತಾಂತವನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಗಂಟಲು ಮುಚ್ಚದಂತಿರಲು ಬೇಕಾದ ಒತ್ತಡ ೪.೫ರಿಂದ ೧೦ ಸೆಂಟಿಮೀಟರ್ ನೀರಿನಷ್ಟು ಮಾತ್ರ. ಸಿಪ್ಯಾಪ್ ಎಂದು ಇಂದು ಹೆಸರಾಗಿರುವ ಚಿಕಿತ್ಸೆ ಇದೇ. ಗಾಳಿಯು ಗಂಟಲಿಗೆ ಊರುಗೋಲಾಯಿತು.

ಇಷ್ಟಾದರೂ ಒಂದು ತೊಡಕು ಉಳಿಯಿತು: ಯಂತ್ರದ ಗಾಳಿಯನ್ನು ಮೂಗಿಗೆ ಸೋರದಂತೆ ಮುಟ್ಟಿಸುವುದು ಹೇಗೆ? ಆ ಕಾಲದ ರೋಗಿಗಳ ಮೂಗಿನ ಅಚ್ಚನ್ನು ಪ್ಲಾಸ್ಟರಿನಲ್ಲಿ ತೆಗೆದು, ಅದರ ಮೇಲೆ ಗಾಜಿನ ನಾರಿನ ಮಾಸ್ಕನ್ನು ಎರಕ ಹೊಯ್ದಂತೆ ರೂಪಿಸಿ, ಪ್ರತಿ ರಾತ್ರಿಯೂ ಸಿಲಿಕೋನ್ ಅಂಟಿನಿಂದ ಮುಖಕ್ಕೆ ಅಂಟಿಸುತ್ತಿದ್ದರು. ಬೆಳಿಗ್ಗೆ ಕಿತ್ತು ತೆಗೆಯಬೇಕು. ಅದನ್ನು ಸಹಿಸಿಕೊಂಡವರ ಸಹನೆ ದೊಡ್ಡದು. ಇಂದು ಅಂಟು ಬೇಕಿಲ್ಲ. ಆದರೂ ಯಂತ್ರವನ್ನು ಕೊಂಡು ತಂದವರಲ್ಲಿ ಅನೇಕರು ಕೆಲವೇ ವಾರಗಳಲ್ಲಿ ಅದನ್ನು ಅಟ್ಟಕ್ಕೆ ಸೇರಿಸುತ್ತಾರೆ. ಕಾರಣ ಕೇಳಿದರೆ ಯಂತ್ರದ ಮೇಲೆ ದೂರು ಅಪರೂಪ. ದೂರೆಲ್ಲ ಮಾಸ್ಕಿನ ಮೇಲೆ. ಒತ್ತುತ್ತದೆ, ಸೋರುತ್ತದೆ, ಕಣ್ಣಿಗೆ ಗಾಳಿ ಹೊಡೆಯುತ್ತದೆ. ಇವು ಮೂರೂ ಭೌತವಿಜ್ಞಾನದ ಸಮಸ್ಯೆಗಳು. ಅದೂ ಪ್ರೌಢಶಾಲೆಯ ಪಾಠದೊಳಗಿನವು. ಆದುದರಿಂದಲೇ ನಾವು ಈ ವಿಷಯವನ್ನು ವಿದ್ಯಾರ್ಥಿಗಳ ಮುಂದಿಡಲು ಧೈರ್ಯಮಾಡಿದ್ದೇವೆ. ಮಾಸ್ಕು ಧರಿಸುವವರು ಸಾಮಾನ್ಯವಾಗಿ ಮನೆಯ ಹಿರಿಯರು. ಕೈಯಲ್ಲಿ ಗ್ರಾಫ್ ಕಾಗದ ಇರುವವರು ಕಿರಿಯರು.

ಮೊದಲು ಒತ್ತಡದ ಪರಿಮಾಣವನ್ನು ಮನಗಾಣಬೇಕು. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪಿನ ಒಂದು ಮೀಟರ್ ತುಂಡನ್ನು ತಂದು, ಬಾಗಿಸಿ, ಅರ್ಧದಷ್ಟು ನೀರು ತುಂಬಿ ಗೋಡೆಗೆ ನಿಲ್ಲಿಸಿರಿ. ಒಂದು ಬಾಯಿಯಿಂದ ಮೆಲ್ಲನೆ ಊದಿರಿ. ಒಂದು ಕಡೆಯ ನೀರು ೫ ಸೆಂಟಿಮೀಟರ್ ಇಳಿದು ಇನ್ನೊಂದು ಕಡೆ ೫ ಸೆಂಟಿಮೀಟರ್ ಏರಿದಾಗ ನಿಮ್ಮ ಬಾಯೊಳಗಿನ ಒತ್ತಡ ವಾಯುಮಂಡಲದ್ದಕ್ಕಿಂತ ೧೦ ಸೆಂಟಿಮೀಟರ್ ನೀರಿನಷ್ಟು ಹೆಚ್ಚು. ಕೆನ್ನೆ ಉಬ್ಬಿಸಿ ನಿರಾಯಾಸವಾಗಿ ಇದನ್ನು ಸಾಧಿಸಬಹುದು. ಇದು ವಾಯುಮಂಡಲದ ಒತ್ತಡದ ನೂರರಲ್ಲಿ ಒಂದು ಪಾಲು ಮಾತ್ರ. ಮನೆಯ ಯಂತ್ರಗಳು ಸಾಮಾನ್ಯವಾಗಿ ಕೊಡುವುದು ೪ರಿಂದ ೨೦ ಸೆಂಟಿಮೀಟರಿನವರೆಗೆ. ಯಾರಿಗೆ ಎಷ್ಟು ಎಂಬುದನ್ನು ಗೊತ್ತುಮಾಡತಕ್ಕವರು ವೈದ್ಯರು. ಅದರಲ್ಲಿ ನಾವು ಕೈಹಾಕಬಾರದು.

ಈ ಏಕಮಾನದಲ್ಲಿ ಒಂದು ಅನುಕೂಲವಿದೆ. ಒಂದು ಘನ ಸೆಂಟಿಮೀಟರ್ ನೀರಿನ ತೂಕ ಒಂದು ಗ್ರಾಂ ಆದುದರಿಂದ, ೧೦ ಸೆಂಟಿಮೀಟರ್ ನೀರಿನ ಒತ್ತಡವೆಂದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ ೧೦ ಗ್ರಾಂ ತೂಕ. ಇಷ್ಟು ತಿಳಿದರೆ ಮಾಸ್ಕನ್ನು ಮುಖದಿಂದ ಆಚೆಗೆ ತಳ್ಳುವ ಬಲವನ್ನು ಬಾಯಿಲೆಕ್ಕದಲ್ಲಿಯೇ ಹೇಳಬಹುದು. ಮಾಸ್ಕನ್ನು ಗ್ರಾಫ್ ಕಾಗದದ ಮೇಲೆ ಬೋರಲಾಗಿಟ್ಟು ಮೆತ್ತೆಯ ಅಂಚಿನ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಒಳಗಿನ ಚೌಕಗಳನ್ನು ಎಣಿಸಿದರೆ ವಿಸ್ತೀರ್ಣ ದೊರೆಯಿತು. ಅದನ್ನು ಒತ್ತಡದ ಸೆಂಟಿಮೀಟರುಗಳಿಂದ ಗುಣಿಸಿದರೆ ಬಲವು ಗ್ರಾಂಗಳಲ್ಲಿ ಬರುತ್ತದೆ.

ನಮ್ಮ ಬಂಧುಗಳಲ್ಲಿ ಒಬ್ಬರು, ನಿವೃತ್ತರಾದ ಗುಮಾಸ್ತರು, ವೈದ್ಯರ ಸಲಹೆಯಂತೆ ಇಂಥ ಯಂತ್ರವನ್ನು ತಂದು ಎರಡು ತಿಂಗಳಾಗಿತ್ತು. ಮಾರಿದವನು ಅಂಗಡಿಯ ಕುರ್ಚಿಯಲ್ಲಿ ಕೂರಿಸಿ ಮಾಸ್ಕನ್ನು ಒಮ್ಮೆ ಕಟ್ಟಿ ತೋರಿಸಿ ಕೈತೊಳೆದುಕೊಂಡಿದ್ದನು. ಸೋರಿದಾಗಲೆಲ್ಲ ಅವರು ಪಟ್ಟಿಯನ್ನು ಒಂದೊಂದು ಬೆರಳು ಬಿಗಿಮಾಡುತ್ತ ಬಂದು, ಮೂಗಿನ ಸೇತುವೆಯ ಮೇಲೆ ಕೆಂಪಗೆ ಬರೆ ಎದ್ದಿತ್ತು. ಸೋರಿಕೆ ಮಾತ್ರ ನಿಂತಿರಲಿಲ್ಲ. ಪಿ.ಯು.ಸಿ. ಓದುತ್ತಿದ್ದ ಮೊಮ್ಮಗನು ಮಾಸ್ಕಿನ ಗೆರೆ ತೆಗೆದು ಎಣಿಸಿದನು: ೪೨ ಚದರ ಸೆಂಟಿಮೀಟರ್. ವೈದ್ಯರು ಗೊತ್ತುಮಾಡಿದ್ದ ಒತ್ತಡ ೧೧. ಗುಣಲಬ್ಧ ೪೬೨ ಗ್ರಾಂ.

“ತಾತ, ಅರ್ಧ ಕಿಲೋನೂ ಇಲ್ಲ. ನಾಲ್ಕು ಪಟ್ಟಿಗೆ ಹಂಚಿದರೆ ಒಂದೊಂದಕ್ಕೆ ಒಂದು ಬಾಳೆಹಣ್ಣಿನ ತೂಕ ಬರುತ್ತದೆ. ನೀವು ಕುದುರೆಗೆ ಜೀನು ಬಿಗಿದ ಹಾಗೆ ಬಿಗಿದಿದ್ದೀರಿ.”

“ಸಡಿಲ ಬಿಟ್ಟರೆ ಗಾಳಿ ಕಣ್ಣಿಗೇ ಹೊಡೆಯುತ್ತದಲ್ಲೋ!” ಎಂದರು ತಾತ.

ಇಬ್ಬರ ಮಾತೂ ನಿಜವೇ. ಪಟ್ಟಿಗಳು ಓರೆಯಾಗಿ ತಲೆಯ ಹಿಂದಕ್ಕೆ ಹೋಗುವುದರಿಂದ ಬಾಳೆಹಣ್ಣಿಗಿಂತ ತುಸು ಹೆಚ್ಚು ಎಳೆತ ಬೇಕಾಗುತ್ತದೆ. ಆದರೂ ಲೆಕ್ಕದ ತಿರುಳು ಸರಿಯಾಗಿಯೇ ಇದೆ. ಹಾಗಾದರೆ ಸಡಿಲ ಬಿಟ್ಟಾಗ ಕಣ್ಣಿಗೆ ಗಾಳಿ ಹೊಡೆಯುವುದೇಕೆ, ಬಿಗಿದರೂ ಹೊಡೆಯುವುದೇಕೆ?

ಮೊದಲು ಆ ಗಾಳಿಯ ವೇಗವನ್ನು ನೋಡೋಣ. ಪಾತ್ರೆಯ ತೂತಿನಿಂದ ಚಿಮ್ಮುವ ದ್ರವದ ವೇಗವು, ಆ ದ್ರವವು ಮೇಲ್ಮಟ್ಟದಿಂದ ತೂತಿನವರೆಗೆ ಬಿದ್ದಿದ್ದರೆ ಪಡೆಯುತ್ತಿದ್ದ ವೇಗಕ್ಕೆ ಸಮನೆಂದು ೧೭ನೆಯ ಶತಮಾನದಲ್ಲಿ ಟಾರಿಸೆಲ್ಲಿ ತೋರಿಸಿದನು. ಈ ಅಲ್ಪ ಒತ್ತಡದಲ್ಲಿ ಗಾಳಿಗೂ ಇದೇ ನಿಯಮವನ್ನು ಅನ್ವಯಿಸಬಹುದು. ನೀರಿಗಿಂತ ಗಾಳಿಯು ಸುಮಾರು ೮೩೦ ಪಾಲು ಹಗುರ. ಆದುದರಿಂದ ೧೦ ಸೆಂಟಿಮೀಟರ್ ನೀರಿಗೆ ಸಮನಾದ ಗಾಳಿಯ ಕಂಬದ ಎತ್ತರ ಸುಮಾರು ೮೩ ಮೀಟರ್. ಜೋಗದ ಜಲಪಾತದ ಎತ್ತರ ೨೫೩ ಮೀಟರೆಂಬುದನ್ನು ನೆನೆದರೆ, ಅದರ ಮೂರರಲ್ಲೊಂದು ಪಾಲಿನಿಂದ ಧುಮುಕಿದಂತಾಯಿತು. ಲೆಕ್ಕ ಮಾಡಿದರೆ ವೇಗ ಸೆಕೆಂಡಿಗೆ ೪೦ ಮೀಟರ್, ಅಂದರೆ ಗಂಟೆಗೆ ೧೪೫ ಕಿಲೋಮೀಟರ್! ಬಿರುಕಿನಿಂದ ದೂರ ಹೋದಂತೆ ಈ ಧಾರೆ ಬೇಗನೆ ಹರಡಿ ನಿಧಾನವಾಗುತ್ತದೆ, ನಿಜ. ಆದರೆ ಮೂಗಿನ ಸೇತುವೆಗೂ ಕಣ್ಣಿನ ಮೂಲೆಗೂ ಇರುವ ದೂರ ಎಷ್ಟು? ಕಣ್ಣು ಒಣಗಿ ಕೆಂಪಾಗುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಇನ್ನು ಸೋರಿದ ಗಾಳಿಯ ಮೊತ್ತ. ಒಂದು ಸೆಂಟಿಮೀಟರ್ ಉದ್ದ, ಒಂದು ಮಿಲಿಮೀಟರ್ ಅಗಲದ ಒಂದೇ ಒಂದು ಸಂದು ಉಳಿದಿದೆಯೆನ್ನೋಣ. ಸಂದಿನಲ್ಲಿ ಧಾರೆ ಕುಗ್ಗುವುದನ್ನು ಲೆಕ್ಕಕ್ಕೆ ಹಿಡಿದರೂ ನಿಮಿಷಕ್ಕೆ ಸುಮಾರು ೧೪ ಲೀಟರ್ ಗಾಳಿ ಹೊರಕ್ಕೆ ಹೋಗುತ್ತದೆ. ಸುಮ್ಮನೆ ಮಲಗಿರುವ ಮನುಷ್ಯನು ನಿಮಿಷಕ್ಕೆ ಒಳಕ್ಕೆಳೆದುಕೊಳ್ಳುವುದು ೬ರಿಂದ ೮ ಲೀಟರ್. ಹೀಗೆ, ಬೆರಳಿನ ಉಗುರಿನಷ್ಟು ಅಗಲದ ಬಿರುಕು ಒಬ್ಬ ಮನುಷ್ಯನ ಉಸಿರಿನ ಎರಡರಷ್ಟನ್ನು ಕೋಣೆಗೆ ಚೆಲ್ಲುತ್ತದೆ. ಈಗಿನ ಯಂತ್ರಗಳು ಸೋರಿಕೆಯನ್ನು ಕಂಡುಕೊಂಡು ಹೆಚ್ಚು ವೇಗದಿಂದ ತಿರುಗಿ ಒಂದು ಮಿತಿಯವರೆಗೆ ಅದನ್ನು ತುಂಬಿಕೊಡುತ್ತವೆ. ಮಿತಿ ಮೀರಿದರೆ ಗಂಟಲಿನಲ್ಲಿ ಒತ್ತಡ ನಿಲ್ಲುವುದಿಲ್ಲ, ಊರುಗೋಲು ಜಾರುತ್ತದೆ, ಮಾಸ್ಕು ಮುಖದ ಮೇಲೆಯೇ ಇದ್ದರೂ ಉಸಿರು ಹಿಂದಿನಂತೆಯೇ ಕಟ್ಟುತ್ತದೆ.

ಹೀಗಿರುವಾಗ ಸಂದನ್ನು ಮುಚ್ಚುವ ಬಗೆ ಯಾವುದು? ಸೈಕಲ್ಲಿಗೆ ಗಾಳಿ ತುಂಬುವ ಪಂಪನ್ನು ಬಿಚ್ಚಿ ನೋಡಿದವರು ಇದಕ್ಕೆ ಉತ್ತರ ಬಲ್ಲರು. ಹಿಡಿಯ ಕಂಬಿಯ ತುದಿಯಲ್ಲಿ ಬಟ್ಟಲಿನಾಕಾರದ ಒಂದು ಚರ್ಮದ ವಾಷರು ಇರುತ್ತದೆ. (ಈಗಿನ ಪಂಪುಗಳಲ್ಲಿ ಅದು ರಬ್ಬರಿನದಾಗಿರುವುದೂ ಉಂಟು.) ವಾಷರು ಕೊಳವೆಯೊಳಗೆ ಬಿಗಿಯಾಗಿ ಕೂತಿರುವುದಿಲ್ಲ, ಹಿಡಿಯನ್ನು ಮೇಲಕ್ಕೆಳೆದಾಗ ಸಲೀಸಾಗಿ ಸರಿಯುತ್ತದೆ. ಆದರೆ ಕೆಳಕ್ಕೆ ಒತ್ತಿದಾಗ, ಒತ್ತಲ್ಪಟ್ಟ ಗಾಳಿಯು ಬಟ್ಟಲಿನ ಅಂಚನ್ನು ಹೊರಕ್ಕೆ ಅರಳಿಸಿ ಕೊಳವೆಯ ಗೋಡೆಗೆ ಅಂಟಿಸುತ್ತದೆ. ಗಾಳಿಯ ಒತ್ತಡ ಹೆಚ್ಚಿದಷ್ಟೂ ಅಂಚು ಹೆಚ್ಚು ಬಲವಾಗಿ ಅಂಟುತ್ತದೆ. ತಪ್ಪಿಸಿಕೊಳ್ಳಲು ಹವಣಿಸುವ ಗಾಳಿಯೇ ತನ್ನ ಬಾಗಿಲನ್ನು ತಾನೇ ಮುಚ್ಚಿಕೊಳ್ಳುತ್ತದೆ!

ಈ ಉಪಾಯ ಹಳೆಯದು. ೧೭೯೫ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮ ನೀರಿನ ಒತ್ತುಯಂತ್ರಕ್ಕೆ ಸನ್ನದು ಪಡೆದಾಗ ಅವನನ್ನು ಕಾಡಿದುದೂ ಸೋರಿಕೆಯೇ. ಸಿಲಿಂಡರಿನ ಸುತ್ತ ನಾರನ್ನು ಬಿಗಿಯಾಗಿ ತುರುಕಿದರೆ ಕೊಂತವು ಅಲುಗುತ್ತಿರಲಿಲ್ಲ. ಸಡಿಲ ಬಿಟ್ಟರೆ ನೀರು ನಿಲ್ಲುತ್ತಿರಲಿಲ್ಲ. ಅವನ ಕಾರ್ಖಾನೆಯಲ್ಲಿದ್ದ ಹೆನ್ರಿ ಮಾಡ್ಸ್ಲೇ ಎಂಬ ಚತುರ ಕೆಲಸಗಾರನು, ನೀರಿನ ಒತ್ತಡಕ್ಕೆ ತಾನಾಗಿ ಅರಳುವ ಚರ್ಮದ ಕೊರಳುಪಟ್ಟಿಯನ್ನು ಅಳವಡಿಸಿ ಈ ಇಕ್ಕಟ್ಟನ್ನು ಬಿಡಿಸಿದನೆಂದು ಹೇಳುತ್ತಾರೆ. ಅಷ್ಟು ದೂರ ಹೋಗಲೊಲ್ಲದವರು ಅಡಿಗೆಮನೆಗೆ ಹೋಗಬಹುದು. ಮುಚ್ಚಳ ಒಳಗಿನಿಂದ ಕೂರುವ ಕುಕ್ಕರಿನಲ್ಲಿ, ಆವಿಯು ಮುಚ್ಚಳವನ್ನು ಕಂಠದ ರಬ್ಬರಿಗೆ ಒತ್ತುತ್ತದೆ. ಒಲೆಯ ಮೇಲಿಡುವಾಗ ತುಸು ಸಡಿಲವಾಗಿದ್ದುದು ಆವಿ ಕಟ್ಟಿದ ಮೇಲೆ ಕೈಯಿಂದ ತೆಗೆಯಲಾಗದಷ್ಟು ಭದ್ರವಾಗುತ್ತದೆ.

ಮಾಸ್ಕಿನ ಮೆತ್ತೆಯೂ ಇದೇ ಜಾತಿಯದು. ಅದನ್ನು ಬೆರಳಿನಿಂದ ಮುಟ್ಟಿ ನೋಡಿದರೆ ಅನೇಕ ಮಾಸ್ಕುಗಳಲ್ಲಿ ಎರಡು ಪದರಗಳಿರುವುದು ತಿಳಿಯುತ್ತದೆ. ಕೆಳಗಿನದು ದಪ್ಪ, ಆಕಾರವನ್ನು ಹಿಡಿದಿಡುವುದು ಅದರ ಕೆಲಸ. ಮೇಲಿನದು ಬಲು ತೆಳುವಾದ ಸಿಲಿಕೋನಿನ ಪೊರೆ. ಅದರ ಅಂಚು ಮಾಸ್ಕಿನ ಒಳಮುಖಕ್ಕೆ ಮಡಿಚಿಕೊಂಡಿರುತ್ತದೆ. ಯಂತ್ರ ನಡೆಯುವಾಗ ಒಳಗಿನ ಗಾಳಿ ಈ ಪೊರೆಯ ಹಿಂದೆ ನುಗ್ಗಿ ಅದನ್ನು ಉಬ್ಬಿಸಿ ಚರ್ಮಕ್ಕೆ ಒತ್ತುತ್ತದೆ. ಮೂಗಿನ ಪಕ್ಕದ ತಗ್ಗು, ಕೆನ್ನೆಯ ಉಬ್ಬು, ತುಟಿಯ ಮೇಲಣ ಬಾಗು, ಎಲ್ಲವನ್ನೂ ಪೊರೆ ತಾನೇ ಹುಡುಕಿಕೊಂಡು ತುಂಬುತ್ತದೆ. ಸಲಿವನ್ನರ ತಂಡವೇ ೧೯೯೦ರ ದಶಕದ ಆದಿಯಲ್ಲಿ ಈ ಬಗೆಯ ಮೆತ್ತೆಗೆ ರೂಪು ಕೊಟ್ಟಿತು. ಇಂಥ ಮೆತ್ತೆಯಿದ್ದರೆ ಮುಖಕ್ಕೆ ತಕ್ಕಂತೆ ಮಾಸ್ಕನ್ನು ಎರಕ ಹೊಯ್ಯಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೆ ತಾತನ ತೊಡಕು ತಾನಾಗಿ ಬಿಡಿಸಿಕೊಳ್ಳುತ್ತದೆ. ಪೊರೆ ಉಬ್ಬಲು ಸ್ಥಳ ಬೇಕು. ಪಟ್ಟಿಯನ್ನು ಬಿಗಿದರೆ ಪೊರೆಯು ಗಟ್ಟಿಮೆತ್ತೆಗೂ ಚರ್ಮಕ್ಕೂ ನಡುವೆ ಸಿಕ್ಕಿ ಚಪ್ಪಟೆಯಾಗಿ ಸುಕ್ಕುಗಟ್ಟುತ್ತದೆ; ಒಂದೊಂದು ಸುಕ್ಕೂ ಗಾಳಿಗೆ ಒಂದೊಂದು ಕಾಲುವೆ. ಅಷ್ಟೇ ಅಲ್ಲ. ಮಾಸ್ಕಿನ ಚೌಕಟ್ಟು ಬಾಗದ ವಸ್ತು; ಕೆಳಗಿನ ಪಟ್ಟಿಯನ್ನು ಅತಿಯಾಗಿ ಎಳೆದರೆ ಅದು ತುಟಿಯ ಮೇಲೆ ಆನಿಕೊಂಡು ಸನ್ನೆಗೋಲಿನಂತೆ ತಿರುಗಿ ಮೂಗಿನ ಸೇತುವೆಯ ಕಡೆ ಮೇಲೇಳುತ್ತದೆ. ಆಗ ಮೇಲಿನ ಪಟ್ಟಿಯನ್ನು ಬಿಗಿಯುತ್ತಾರೆ, ಕೆಳಗೆ ಏಳುತ್ತದೆ. ಹೀಗೆ ಹಗ್ಗಜಗ್ಗಾಟ ನಡೆದು ಬೆಳಗಾಗುತ್ತದೆ. ಪಟ್ಟಿಗಳ ಕೆಲಸ ೪೬೨ ಗ್ರಾಂ ತಳ್ಳುವಿಕೆಯನ್ನು ತಡೆದು ಮಾಸ್ಕನ್ನು ಅದರ ಸ್ಥಳದಲ್ಲಿ ನಿಲ್ಲಿಸುವುದು. ಸಂದು ಮುಚ್ಚುವ ಕೆಲಸ ಗಾಳಿಗೆ ಸೇರಿದುದು.

ಚರ್ಮದ ಪಾಡನ್ನೂ ಲೆಕ್ಕಿಸಬೇಕು. ೧೯೩೦ರಲ್ಲಿ ಯೂಜೀನ್ ಲ್ಯಾಂಡಿಸ್ ಎಂಬ ವಿಜ್ಞಾನಿ ಉಗುರಿನ ಬುಡದ ಲೋಮನಾಳಗಳಿಗೆ ಅತಿ ಸೂಕ್ಷ್ಮವಾದ ನಳಿಕೆಯನ್ನು ಚುಚ್ಚಿ ರಕ್ತದ ಒತ್ತಡವನ್ನಳೆದನು. ಧಮನಿಯ ಕಡೆಯ ತುದಿಯಲ್ಲಿ ಅದು ಸರಾಸರಿ ೩೨ ಮಿಲಿಮೀಟರ್ ಪಾದರಸ. ನಮ್ಮ ಏಕಮಾನಕ್ಕೆ ತಂದರೆ ಸುಮಾರು ೪೩ ಸೆಂಟಿಮೀಟರ್ ನೀರು. ಹೊರಗಿನ ಒತ್ತಡವು ಬಹಳ ಹೊತ್ತು ಇದನ್ನು ಮೀರಿದರೆ ಅಲ್ಲಿ ರಕ್ತದ ಹರಿವು ಕುಂಠಿತವಾಗುವ ಸಂಭವವಿದೆ. ೧೧ ಸೆಂಟಿಮೀಟರಿನ ಗಾಳಿಯಿಂದ ಉಬ್ಬಿದ ಪೊರೆ ಒತ್ತುವುದು ಸುಮಾರು ೧೧ರಷ್ಟೇ, ತೊಂದರೆಯಿಲ್ಲ. ಪಟ್ಟಿಗಳನ್ನು ಒಟ್ಟು ೨ ಕಿಲೋಗ್ರಾಂ ಎಳೆತಕ್ಕೆ ಬಿಗಿದಿದ್ದಾರೆನ್ನೋಣ. ಗಾಳಿಯನ್ನು ತಡೆಯಲು ೪೬೨ ಗ್ರಾಂ ಹೋದರೆ ಉಳಿದ ಒಂದೂವರೆ ಕಿಲೋಗ್ರಾಂ ಚರ್ಮದ ಮೇಲೆ ಬಿತ್ತು. ಮೆತ್ತೆಯು ಮುಖವನ್ನು ಮುಟ್ಟುವ ಅಂಚಿನ ವಿಸ್ತೀರ್ಣ ೨೪ ಚದರ ಸೆಂಟಿಮೀಟರೆಂದರೆ, ಒತ್ತಡ ೬೪. ಅದೂ ಎಲ್ಲೆಡೆ ಸಮನಾಗಿ ಹಂಚಿದಾಗ! ನಿಜವಾಗಿ ಅದರ ಬಹುಪಾಲು ಬೀಳುವುದು ಚರ್ಮಕ್ಕೂ ಎಲುಬಿಗೂ ನಡುವೆ ಮಾಂಸವೇ ಇಲ್ಲದ ಮೂಗಿನ ಸೇತುವೆಯ ಮೇಲೆ. ಕೆಂಪು ಬರೆ ಏಳುವುದು ಇದರಿಂದ. ಅಲಕ್ಷಿಸಿದರೆ ಅದು ಹುಣ್ಣಾಗುತ್ತದೆ.

ಆದುದರಿಂದ ಮಾಸ್ಕನ್ನು ಕಟ್ಟುವ ಕ್ರಮವೇ ಬೇರೆ. ಎಲ್ಲ ಪಟ್ಟಿಗಳನ್ನೂ ಸಡಿಲಿಸಿಕೊಂಡು ಮೊದಲು ಹಾಸಿಗೆಯಲ್ಲಿ ಮಲಗಬೇಕು. ಕುಳಿತಾಗಿನ ಮುಖ ಬೇರೆ, ಮಲಗಿದಾಗಿನ ಮುಖ ಬೇರೆ. ಕೆನ್ನೆಯ ಮಾಂಸವೂ ಭೂಮಿಯ ಆಕರ್ಷಣೆಗೆ ಒಳಪಟ್ಟುದೇ ಅಲ್ಲವೆ? ಅಂಗಡಿಯ ಕುರ್ಚಿಯಲ್ಲಿ ಸರಿಹೊಂದಿದುದು ಹಾಸಿಗೆಯಲ್ಲಿ ಸೋರುವುದು ಈ ಕಾರಣದಿಂದ. ಬಳಿಕ ಯಂತ್ರವನ್ನು ನಡೆಸಬೇಕು. ಅನೇಕ ಯಂತ್ರಗಳು ಕಡಮೆ ಒತ್ತಡದಿಂದ ಆರಂಭಿಸಿ ಮೆಲ್ಲಮೆಲ್ಲನೆ ಏರಿಸುತ್ತವೆ. ೫ರಲ್ಲಿ ಸೋರದ ಮಾಸ್ಕು ನಡುರಾತ್ರಿ ೧೧ಕ್ಕೇರಿದಾಗ ಸೋರಬಹುದು, ಏಕೆಂದರೆ ತಳ್ಳುವ ಬಲವು ಎರಡರಷ್ಟಕ್ಕಿಂತ ಹೆಚ್ಚಾಗಿರುತ್ತದೆ. ಆದ್ದರಿಂದ ಪೂರ್ಣ ಒತ್ತಡದಲ್ಲಿಯೇ ಪರೀಕ್ಷಿಸಬೇಕು. ಗಾಳಿ ಬರುತ್ತಿರುವಾಗ ಮಾಸ್ಕನ್ನು ಮುಖದಿಂದ ಒಂದು ಬೆರಳಿನಷ್ಟು ಮುಂದಕ್ಕೆಳೆದು ಮೆಲ್ಲನೆ ಹಿಂದಕ್ಕೆ ಬಿಟ್ಟರೆ ಪೊರೆ ಸುಕ್ಕು ಬಿಡಿಸಿಕೊಂಡು ಉಬ್ಬಿ ಕೂರುತ್ತದೆ. ನಮ್ಮ ಅನುಭವದಲ್ಲಿ ಅರ್ಧದಷ್ಟು ಸೋರಿಕೆಗಳು ಇದೊಂದರಿಂದಲೇ ಮಾಯವಾಗುತ್ತವೆ. ಆಮೇಲೆ ಕೆಳಗಿನ ಜೋಡಿಪಟ್ಟಿ, ಅನಂತರ ಮೇಲಿನದು, ಎಡಬಲ ಸಮನಾಗಿ, ಸೋರಿಕೆ ನಿಂತ ಕ್ಷಣಕ್ಕೆ ನಿಲ್ಲಿಸಬೇಕು. ಎರಡು ಮಗ್ಗುಲಿಗೂ ಹೊರಳಿ ನೋಡಬೇಕು; ಮಗ್ಗುಲಾದಾಗ ತಲೆದಿಂಬು ಮಾಸ್ಕನ್ನು ಒಂದು ಕಡೆಗೆ ತಳ್ಳುವುದುಂಟು.

ಇಷ್ಟಾದರೂ ಸೋರಿದರೆ ಅಳತೆಯೇ ತಪ್ಪಿರಬೇಕು. ದೊಡ್ಡದಾದರೆ ಹಾಯಾಗಿರುತ್ತದೆಂದು ಅನೇಕರು ಭಾವಿಸುತ್ತಾರೆ. ಅಂಗಿಗೆ ಒಪ್ಪುವ ಈ ತರ್ಕ ಮಾಸ್ಕಿಗೆ ಒಪ್ಪುವುದಿಲ್ಲ. ವಿಸ್ತೀರ್ಣ ಹೆಚ್ಚಿದರೆ ತಳ್ಳುವ ಬಲವೂ ಹೆಚ್ಚು, ಅಂಚು ಕಣ್ಣಿಗೂ ಹತ್ತಿರ. ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕಿನ ವಿಸ್ತೀರ್ಣ ೯೦ ಚದರ ಸೆಂಟಿಮೀಟರಾದರೆ, ಅದೇ ೧೧ರ ಒತ್ತಡಕ್ಕೆ ಒಂದು ಕಿಲೋಗ್ರಾಂ ಬಲ ಬೇಕು. ಹೊಳ್ಳೆಗಳಿಗೆ ಮಾತ್ರ ಆನಿಕೊಳ್ಳುವ ಪುಟ್ಟ ಬಗೆಯದಕ್ಕೆ ಅದರ ಅಲ್ಪಾಂಶ ಸಾಕು. ಹಾಗೆಂದು ಎಲ್ಲರಿಗೂ ಪುಟ್ಟದೇ ಒಳ್ಳೆಯದೆನ್ನಲಾಗದು. ಮೂಗು ಸದಾ ಕಟ್ಟಿರುವವರೂ, ನಿದ್ರೆಯಲ್ಲಿ ಬಾಯಿ ಬಿಡುವವರೂ ಇದ್ದಾರೆ. ಬಾಯಿ ತೆರೆದುಕೊಂಡರೆ ಮೂಗಿನಿಂದ ಹೊಕ್ಕ ಗಾಳಿ ಬಾಯಿಂದಲೇ ಹೊರಟುಹೋಗುತ್ತದೆ. ಮಾಸ್ಕಿನ ಅಂಚಿನಲ್ಲಿ ಒಂದು ಸಂದೂ ಇಲ್ಲದಿದ್ದರೂ ಸೋರಿಕೆಯೇ. ಬೆಳಿಗ್ಗೆ ನಾಲಗೆ ಒಣಗಿ ಅಂಟಿಕೊಂಡಿರುವುದು ಇದರ ಗುರುತು. ಅಂಥವರು ವೈದ್ಯರನ್ನು ಕೇಳಿ ಬೇರೆ ಬಗೆಯದಕ್ಕೆ ಹೋಗಬೇಕಾದೀತು. ರಾತ್ರಿ ಹಲ್ಲಿನ ಸೆಟ್ಟು ತೆಗೆದಿಡುವವರು ಅಳತೆ ನೋಡುವಾಗಲೂ ಅದನ್ನು ತೆಗೆದೇ ನೋಡಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಪ್ರತಿಯೊಂದು ಮಾಸ್ಕಿನಲ್ಲಿಯೂ, ಇಲ್ಲವೆ ಅದಕ್ಕೆ ಸೇರುವ ಮೊಣಕೈಯಂಥ ತುಂಡಿನಲ್ಲಿಯೂ, ಬೇಕೆಂದೇ ಮಾಡಿದ ಸಣ್ಣ ರಂಧ್ರಗಳಿರುತ್ತವೆ. ಅಲ್ಲಿಂದ ಸದಾ ಗಾಳಿ ಹೊರಡುತ್ತದೆ; ೧೦ ಸೆಂಟಿಮೀಟರ್ ಒತ್ತಡದಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ ೩೦ ಲೀಟರಿನ ಆಸುಪಾಸು. ಇದು ಸೋರಿಕೆಯಲ್ಲ. ಯಂತ್ರದಿಂದ ಬರುವ ಕೊಳವೆ ಒಂದೇ. ಬಿಟ್ಟ ಉಸಿರು ಹಿಂದಿರುಗಲು ಬೇರೆ ಕೊಳವೆಯಿಲ್ಲ. ಆ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೊರಕ್ಕೆ ತೊಳೆದು ಹಾಕುವುವು ಈ ರಂಧ್ರಗಳೇ. ಸದ್ದು ಮಾಡುತ್ತದೆಂದೋ ಚಳಿಯಾಗುತ್ತದೆಂದೋ ಇವುಗಳ ಮೇಲೆ ಟೇಪು ಅಂಟಿಸುವುದು ಬಹಳ ಅಪಾಯಕರ. ತನ್ನ ಉಸಿರನ್ನೇ ತಾನು ಮರಳಿ ಸೇದಿದಂತಾಗುತ್ತದೆ. ಕೈಯನ್ನು ಮಾಸ್ಕಿನ ಸುತ್ತ ಆಡಿಸಿ ನೋಡುವಾಗ ರಂಧ್ರಗಳಿಂದ ಬರುವ ಗಾಳಿಯನ್ನೂ ಅಂಚಿನಿಂದ ಬರುವ ಗಾಳಿಯನ್ನೂ ಬೇರೆಬೇರೆಯಾಗಿ ಗುರುತಿಸಲು ಕಲಿಯಬೇಕು.

ಕರೆಂಟು ಹೋದರೆ ಗತಿಯೇನು? ಮಳೆಗಾಲದಲ್ಲಿ ನಮ್ಮ ಊರುಗಳ ಹಿರಿಯರು ಕೇಳುವ ಮೊದಲ ಪ್ರಶ್ನೆ ಇದೇ, ಮತ್ತು ನ್ಯಾಯವಾದ ಪ್ರಶ್ನೆ. ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕುಗಳಲ್ಲಿ ಇದಕ್ಕಾಗಿಯೇ ಒಂದು ಕವಾಟವಿರುತ್ತದೆ. ಗಾಳಿಯ ಒತ್ತಡವಿರುವವರೆಗೆ ಅದು ಮುಚ್ಚಿಕೊಂಡಿದ್ದು, ಒತ್ತಡ ಇಳಿದೊಡನೆ ತೆರೆದುಕೊಂಡು ಕೋಣೆಯ ಗಾಳಿಗೆ ದಾರಿ ಬಿಡುತ್ತದೆ. ಮೂಗನ್ನು ಮಾತ್ರ ಮುಚ್ಚುವುದರಲ್ಲಿ ಬಾಯಿಯೇ ಕವಾಟ. ಕವಾಟದಲ್ಲಿ ಕೊಳೆ ಸೇರದಂತೆ ನೋಡಿಕೊಳ್ಳುವುದು ಮಾತ್ರ ನಮ್ಮ ಹೊಣೆ.

ಮತ್ತೆ ಕೆಲವು ಮಾಸ್ಕುಗಳ ಪಟ್ಟಿಗಳಲ್ಲಿ ಕೊಂಡಿಯ ಬದಲು ಪುಟ್ಟ ಕಾಂತಗಳಿರುತ್ತವೆ. ಕತ್ತಲಲ್ಲಿಯೂ ಸುಲಭವಾಗಿ ಕೂಡಿಕೊಳ್ಳುತ್ತವೆ. ಎದೆಯಲ್ಲಿ ಪೇಸ್‌ಮೇಕರ್ ಮೊದಲಾದ ಉಪಕರಣಗಳಿರುವವರು, ಕಣ್ಣಿನಲ್ಲಿ ಲೋಹದ ಚೂರು ಉಳಿದವರು ಇಂಥವುಗಳಿಂದ ದೂರವಿರಬೇಕೆಂದು ೨೦೨೨ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಎಚ್ಚರಿಸಿತು. ಪಕ್ಕದಲ್ಲಿ ಮಲಗುವವರಿಗೂ ಈ ಮಾತು ಅನ್ವಯಿಸುತ್ತದೆ.

ಮೆತ್ತೆಯ ಪೊರೆಯನ್ನು ದಿನವೂ ಸೌಮ್ಯವಾದ ಸೋಪಿನ ನೀರಿನಿಂದ ತೊಳೆದು ನೆರಳಿನಲ್ಲಿ ಆರಿಸಬೇಕು. ಮುಖದ ಎಣ್ಣೆ ಮೆತ್ತಿಕೊಂಡ ಸಿಲಿಕೋನ್ ಜಾರುತ್ತದೆ, ಕಾಲಕ್ರಮದಲ್ಲಿ ಮೆತ್ತಗಾಗಿ ಸುಕ್ಕು ಬೀಳುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗುವ ಅಭ್ಯಾಸವಿರುವವರು ಮಾಸ್ಕಿನ ಅಂಚು ಮುಟ್ಟುವಷ್ಟು ಸ್ಥಳವನ್ನಾದರೂ ಮುಖ ತೊಳೆದು ಒರೆಸಿಕೊಳ್ಳಬೇಕು. ತಾತನ ವಿಷಯಕ್ಕೆ ಬಂದರೆ, ಪಟ್ಟಿ ಸಡಿಲಿಸಿ ಪೊರೆ ಉಬ್ಬುವಂತೆ ಕಟ್ಟಿದ ಮೇಲೆ ಕಣ್ಣಿಗೆ ಹೊಡೆಯುತ್ತಿದ್ದ ಗಾಳಿ ನಿಂತಿತು. ಮೂಗಿನ ಬರೆ ಕೆಲವು ದಿನಗಳಲ್ಲಿ ಮಾಸಿತು. ತುಟಿಯ ಮೇಲೆ ಮಾತ್ರ ಒಂದು ಸಣ್ಣ ಶಿಳ್ಳೆ ಉಳಿದುಕೊಂಡಿತು. ಕಾರಣ ಅವರ ಪೊದೆಮೀಸೆ: ಕೂದಲುಗಳ ನಡುವಿನ ಸಂದುಗಳನ್ನು ಯಾವ ಪೊರೆಯೂ ತುಂಬಲಾರದು. ಮೀಸೆ ತೆಗೆಯಬೇಕೆಂಬ ಸಲಹೆಯನ್ನು ಅವರು ಕೇಳಿಸಿಕೊಳ್ಳಲೇ ಇಲ್ಲ. ಕೊನೆಗೆ ವೈದ್ಯರೊಡನೆ ವಿಚಾರಿಸಿ, ಮೀಸೆಯನ್ನು ಮುಟ್ಟದೆ ಹೊಳ್ಳೆಗಳಿಗೆ ಮಾತ್ರ ಆನಿಕೊಳ್ಳುವ ಪುಟ್ಟ ಮಾಸ್ಕನ್ನು ತರಿಸಿಕೊಂಡರು. ಮೊಮ್ಮಗನು ಅದರ ವಿಸ್ತೀರ್ಣವನ್ನೂ ಗ್ರಾಫ್ ಕಾಗದದ ಮೇಲೆ ಎಣಿಸಿದ್ದಾನೆ. ೧೦ ಚದರ ಸೆಂಟಿಮೀಟರ್, ೧೧೦ ಗ್ರಾಂ.